ಮಾಹಿತಿ ಕಾನೂನುಗಳ ಪಟ್ಟಿ, ಮೂರನೇ ವಾರ: ದಿನ ಎಣಿಸುವ ಪಾಡು

ಸರ್ಕಾರಿ ಕಡತ ಬೇಕು ಅಂತ ಅರ್ಜಿ ಹಾಕಿದರೆ ಯಾವ ದೇಶದಲ್ಲಿ ಎಷ್ಟು ದಿನದೊಳಗೆ ಉತ್ತರ ಕೊಡಬೇಕು? ಸುಮ್ನೆ ಕುತೂಹಲಕ್ಕೆ ಶುರು ಮಾಡಿದ ಪಟ್ಟಿ ಇದು. ಈ ವಾರಕ್ಕೆ ಆರು ದೇಶ ಆಯಿತು: ಸ್ವೀಡನ್, ಅಮೆರಿಕ, ಕೆನಡಾ, ದಕ್ಷಿಣ ಆಫ್ರಿಕಾ, ಬ್ರಿಟನ್, ಭಾರತ.

ವರ್ಷದ ಕಾಲಂ ಬೇಗ ತುಂಬಿತು. ಸ್ವೀಡನ್ 1766, ಅಮೆರಿಕ 1966, ಭಾರತ 2005. ಬ್ರಿಟನ್ ಮಾತ್ರ ಸ್ವಲ್ಪ ಆಟ ಆಡಿಸಿತು. ಕಾನೂನು ಪಾಸಾಗಿದ್ದು 2000ರಲ್ಲಿ, ಜನ ಅರ್ಜಿ ಹಾಕಲು ಆಗಿದ್ದು 2005ರ ಜನವರಿಯಿಂದ.

ನಾನು ಎಡವಿದ್ದು 'ದಿನ' ಕಾಲಂನಲ್ಲಿ. ಅಮೆರಿಕ, ಬ್ರಿಟನ್ 20. ಕೆನಡಾ, ದಕ್ಷಿಣ ಆಫ್ರಿಕಾ, ಭಾರತ 30. ಸಾರ್ಟ್ ಮಾಡಿ, 'ಇವರಿಬ್ಬರು ಹತ್ತು ದಿನ ಚುರುಕು' ಅಂತ ಪಕ್ಕದಲ್ಲಿ ಬರೆದೂ ಬಿಟ್ಟಿದ್ದೆ. ಮಾರನೇ ದಿನ ಕಣ್ಣಿಗೆ ಬಿತ್ತು: ಆ 20, ಕೆಲಸದ ದಿನಗಳು! ಶನಿವಾರ, ಭಾನುವಾರ ಲೆಕ್ಕಕ್ಕೇ ಇಲ್ಲ. ಕ್ಯಾಲೆಂಡರ್ ಮೇಲೆ ಬೆರಳಿಟ್ಟು ಎಣಿಸಿದೆ. ಸೋಮವಾರ ಅರ್ಜಿ ತಲುಪಿದರೆ ಇಪ್ಪತ್ತನೇ ದಿನ ಬರುವುದು ನಾಲ್ಕು ವಾರ ಬಿಟ್ಟು, ಮತ್ತೆ ಸೋಮವಾರವೇ. ಅಂದರೆ 28 ದಿನ. ನಡುವೆ ಎರಡು ಸರ್ಕಾರಿ ರಜೆ ಬಂದರೆ 30. ಚುರುಕು ಎಲ್ಲಿ ಬಂತು? ಬರೆದದ್ದನ್ನು ಅಳಿಸಿದೆ.

ಭಾರತದ್ದು ಇನ್ನೊಂದು ಫಜೀತಿ. ಒಬ್ಬರ ಜೀವ ಅಥವಾ ಸ್ವಾತಂತ್ರ್ಯದ ವಿಷಯವಾದರೆ 48 ಗಂಟೆಯೊಳಗೆ ಮಾಹಿತಿ ಕೊಡಬೇಕು. ಅದೇ ಕಾಲಂನಲ್ಲಿ 48 ಅಂತ ಹಾಕಿದ್ದೇ ತಡ, ಎಲ್ಲಕ್ಕಿಂತ ತುರ್ತಿನ ಗಡುವು ಪಟ್ಟಿಯ ತಳಕ್ಕೆ ಹೋಯಿತು. ಈಗ 'ತುರ್ತು' ಅಂತ ಬೇರೆ ಕಾಲಂ ಮಾಡಿದ್ದೇನೆ. ಅಮೆರಿಕದಲ್ಲೂ ತುರ್ತು ಅರ್ಜಿ ಉಂಟು. ಆದರೆ ಅಲ್ಲಿ 10 ದಿನದೊಳಗೆ ಹೇಳಬೇಕಾದ್ದು ಇದು ತುರ್ತು ಹೌದೋ ಅಲ್ಲವೋ ಅನ್ನುವುದನ್ನು ಮಾತ್ರ. ಎರಡನ್ನೂ ಒಂದೇ ಸಾಲಿನಲ್ಲಿ ಕೂರಿಸಲು ಮನಸ್ಸು ಬರಲಿಲ್ಲ.

ಸ್ವೀಡನ್ ಎಲ್ಲರಿಗಿಂತ ಹಳೆಯದು ಅಲ್ವಾ, ಅಲ್ಲಿ ಅಂಕಿಯೇ ಇಲ್ಲ. ಕಚೇರಿಗೆ ಹೋಗಿ ಕಡತ ನೋಡುತ್ತೇನೆ ಅಂದರೆ ತಕ್ಷಣ, ಇಲ್ಲವೇ ಆದಷ್ಟು ಬೇಗ ತೋರಿಸಬೇಕು. ಅಷ್ಟೇ. ಖಾಲಿ ಬಿಟ್ಟರೆ ಸ್ವೀಡನ್ ಕೊನೆಗೆ ಬೀಳುತ್ತದೆ. ಸೊನ್ನೆ ಹಾಕಿದರೆ ಸುಳ್ಳಾಗುತ್ತದೆ. 'ಆದಷ್ಟು ಬೇಗ' ಸೊನ್ನೆ ಹೇಗಾದೀತು? ಮೂರು ಸಲ ಬದಲಾಯಿಸಿ, ಕೊನೆಗೆ ಆ ಮಾತನ್ನೇ ಬರೆದು ಹಳದಿ ಬಣ್ಣ ಬಳಿದೆ. ಸಾರ್ಟ್ ಮಾಡುವುದನ್ನು ಸದ್ಯಕ್ಕೆ ಬಿಟ್ಟಿದ್ದೇನೆ.

ಹೊಸ ಕಾಲಂ: ಉತ್ತರವೇ ಬರದಿದ್ದರೆ? ಭಾರತ, ಕೆನಡಾ, ದಕ್ಷಿಣ ಆಫ್ರಿಕಾ ಮೂರರಲ್ಲೂ ಗಡುವು ದಾಟಿದರೆ ನಿರಾಕರಿಸಿದಂತೆಯೇ ಲೆಕ್ಕ. ಬ್ರಿಟನ್‌ನದು ಮುಂದಿನ ವಾರ ಓದಬೇಕು.