ಹಿತ್ತಲಲ್ಲಿ ನಾಲ್ಕು ಕೋಳಿ: ತರುವ ಮೊದಲು ಹಾಕಬೇಕಾದ ಲೆಕ್ಕ

ಹಿತ್ತಲಲ್ಲಿ ಕೋಳಿ ಸಾಕೋಣ ಅಂದ ತಕ್ಷಣ ಎಲ್ಲರೂ ಕೇಳುವುದು ಯಾವ ತಳಿ, ಎಷ್ಟು ಮೊಟ್ಟೆ ಅಂತ. ಅದಕ್ಕೂ ಮೊದಲು ತೀರ್ಮಾನವಾಗಬೇಕಾದದ್ದು ಒಂದಿದೆ: ದಿನಾ ಸಂಜೆ ಗೂಡಿನ ಬಾಗಿಲು ಹಾಕುವವರು, ಬೆಳಿಗ್ಗೆ ತೆಗೆಯುವವರು ಮನೆಯಲ್ಲಿ ಯಾರು? ಹೊತ್ತು ಮುಳುಗಿದರೆ ಕೋಳಿ ತಾನಾಗಿಯೇ ಗೂಡು ಸೇರುತ್ತದೆ, ಅಟ್ಟಬೇಕಾಗಿಲ್ಲ. ಆದರೆ ಕತ್ತಲಲ್ಲಿ ಅದಕ್ಕೆ ಕಣ್ಣು ಕಾಣುವುದಿಲ್ಲ. ಬಾಗಿಲು ತೆರೆದೇ ಇದ್ದರೆ ಕಾಡುಬೆಕ್ಕಿಗೋ ಬೀದಿ ನಾಯಿಗೋ ಒಂದೇ ರಾತ್ರಿ ಸಾಕು, ಗೂಡು ಖಾಲಿ. ವಾರಕ್ಕೆರಡು ದಿನ ರಾತ್ರಿ ಒಂಬತ್ತಕ್ಕೆ ಮನೆ ಸೇರುವ ಸಂಸಾರ, ಪಕ್ಕದ ಮನೆಯಲ್ಲಿ ಹೇಳಿ ಹೋಗಲು ಯಾರೂ ಇಲ್ಲ ಅಂದರೆ, ಸದ್ಯಕ್ಕೆ ಬೇಡ. ಉಳಿದ ಎಲ್ಲ ತೊಂದರೆಗೂ ದಾರಿ ಇದೆ, ಇದಕ್ಕಿಲ್ಲ.

ಆಮೇಲೆ ಜಾಗ. 30×40 ಸೈಟಿನಲ್ಲಿ ಮನೆ ಕಟ್ಟಿದ ಮೇಲೆ ಹಿಂದೆ ಉಳಿಯುವುದು ಹೆಚ್ಚೆಂದರೆ ಐದಾರು ಅಡಿ ಅಗಲದ ಪಟ್ಟಿ. ಅಷ್ಟು ಸಾಕು. ಒಂದು ಕೋಳಿಗೆ ಗೂಡಿನೊಳಗೆ 4 ಚದರ ಅಡಿ, ಹೊರಗೆ ಓಡಾಡಲು 10 ಚದರ ಅಡಿ ಅಂತ ಹಿಡಿದರೆ, ನಾಲ್ಕು ಕೋಳಿಗೆ 4×4 ಅಡಿಯ ಗೂಡು, ಅದಕ್ಕಂಟಿಕೊಂಡು 4×10 ಅಡಿಯ ಬಲೆಯ ಆವರಣ. ಇದೇ ಜಾಗಕ್ಕೆ ಎಂಟು ಕೋಳಿ ತುಂಬಿದರೆ ಅವು ಒಂದನ್ನೊಂದು ಕುಕ್ಕಿ ಪುಕ್ಕ ಕೀಳುತ್ತವೆ, ರಕ್ತ ಕಂಡಲ್ಲೇ ಮತ್ತೆ ಕುಕ್ಕುತ್ತವೆ. ಒಂದೇ ಕೋಳಿ ಸಾಕುವುದೂ ತಪ್ಪು, ಅದು ಗುಂಪಿನ ಹಕ್ಕಿ. ಮೂರೋ ನಾಲ್ಕೋ ಸರಿ.

ಪಶ್ಚಿಮದ ಬಿಸಿಲು ನೇರ ಬೀಳುವ ಕಡೆ ಗೂಡು ಇಡಬೇಡಿ. ಕೋಳಿಗೆ ಬೆವರುವುದಿಲ್ಲ, 35 ಡಿಗ್ರಿ ದಾಟಿದರೆ ಕೊಕ್ಕು ತೆರೆದು ಏದುಸಿರು ಬಿಡುತ್ತದೆ. ಹಾಗೆ ಏದುವಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಚಿಪ್ಪು ಕಟ್ಟಲು ಬೇಕಾದ ಕಾರ್ಬೊನೇಟ್ ಕಡಿಮೆಯಾಗುತ್ತದೆ. ಏಪ್ರಿಲ್‌ನಲ್ಲಿ ಮೊಟ್ಟೆಯ ಚಿಪ್ಪು ತೆಳುವಾಗುವುದು ಬಹಳ ಸಲ ಇದರಿಂದಲೇ, ಸುಣ್ಣದ ಕೊರತೆಯಿಂದಲ್ಲ. ತಗಡಿನ ಮಾಡಾದರೆ ಮೇಲೆ ತೆಂಗಿನ ಗರಿ ಹೊದಿಸಿ, ಮಾಡಿನ ಕೆಳಗೆ ಗಾಳಿಯಾಡಲು ಸುತ್ತ ಒಂದು ಗೇಣು ಬಿಡಿ, ಅದಕ್ಕೂ ಬಲೆ ಹೊಡೆಯಿರಿ.

ಬಲೆಯ ವಿಷಯದಲ್ಲಿ ಜಿಪುಣತನ ಬೇಡ. ಅಂಗಡಿಯಲ್ಲಿ ಕೋಳಿ ಬಲೆ ಅಂತ ಕೊಡುವ ಆರು ಮೂಲೆಯ ತೆಳು ತಂತಿ ಕೋಳಿಯನ್ನು ಒಳಗಿಡುತ್ತದೆ ಅಷ್ಟೇ, ನಾಯಿಯನ್ನು ಹೊರಗಿಡುವುದಿಲ್ಲ. ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ ಬೇಕು. ಕಣ್ಣು ದೊಡ್ಡದಾದರೆ ಬೆಕ್ಕು ಪಂಜ ತೂರಿಸಿ ಎಳೆಯುತ್ತದೆ, ಹಾವು ಮೊಟ್ಟೆಗೆ ಬರುತ್ತದೆ. ಹೆಗ್ಗಣ ಕೆಳಗಿಂದ ಕೊರೆಯುವುದರಿಂದ ಬಲೆಯನ್ನು ಒಂದಡಿ ಹೂಳಿ, ಇಲ್ಲವೇ ಬುಡದಿಂದ ಹೊರಕ್ಕೆ ಒಂದೂವರೆ ಅಡಿ ಮಲಗಿಸಿ ಮೇಲೆ ಕಲ್ಲು ಹೇರಿ. ಮುಂಗುಸಿ ಬರುವುದು ಹಗಲು ಹೊತ್ತಿನಲ್ಲಿ, ಆದ್ದರಿಂದ ಆವರಣದ ಮೇಲ್ಭಾಗಕ್ಕೂ ಬಲೆ ಇರಲಿ.

ಒಳಗೆ ಕೂರಲು ಎರಡು ಇಂಚು ದಪ್ಪದ, ಅಂಚು ಸವರಿದ ಮರದ ಗಳು, ಕೋಳಿಗೆ ಎಂಟು ಇಂಚಿನ ಲೆಕ್ಕ. ಮೊಟ್ಟೆ ಇಡಲು ಒಂದಡಿ ಉದ್ದ, ಅಗಲ, ಎತ್ತರದ ಪೆಟ್ಟಿಗೆ ಒಂದಿದ್ದರೆ ನಾಲ್ಕಕ್ಕೂ ಆಗುತ್ತದೆ. ಗಳು ಪೆಟ್ಟಿಗೆಗಿಂತ ಮೇಲಿರಲೇಬೇಕು. ಕೋಳಿ ಮಲಗಲು ಎತ್ತರದ ಜಾಗವನ್ನೇ ಹುಡುಕುತ್ತದೆ, ಪೆಟ್ಟಿಗೆ ಮೇಲಿದ್ದರೆ ಅದರಲ್ಲೇ ಮಲಗಿ ಹಿಕ್ಕೆ ಹಾಕಿ ಮೊಟ್ಟೆಯೆಲ್ಲ ಗಲೀಜಾಗುತ್ತದೆ.

ನೆರೆಯವರ ಜೊತೆ ಜಗಳ ಬರುವುದು ಎರಡಕ್ಕೆ: ಕೂಗು, ವಾಸನೆ. ಹುಂಜ ಬೇಡವೇ ಬೇಡ. ಹುಂಜವಿಲ್ಲದೆಯೂ ಹೇಂಟೆ ಮೊಟ್ಟೆ ಇಡುತ್ತದೆ, ಆ ಮೊಟ್ಟೆಯಿಂದ ಮರಿ ಆಗುವುದಿಲ್ಲ ಅಷ್ಟೇ. ವಾಸನೆಗೆ ಕಾರಣ ಹಿಕ್ಕೆಯಲ್ಲ, ನೀರು. ನೆಲಕ್ಕೆ ನಾಲ್ಕು ಇಂಚು ಭತ್ತದ ಹೊಟ್ಟು ಹಾಕಿ, ವಾರಕ್ಕೆರಡು ಸಲ ಕೆದಕಿ. ಒಂದು ಹಿಡಿ ತೆಗೆದು ಅಮುಕಿದರೆ ಉಂಡೆ ಕಟ್ಟಿತೋ, ಒದ್ದೆ ಹೆಚ್ಚಾಗಿದೆ ಅಂತ ಅರ್ಥ. ಆ ಭಾಗ ತೆಗೆದು ಒಣ ಹೊಟ್ಟು ಹಾಕಿ. ಮೂಗಿಗೆ ಘಾಟು ಹೊಡೆಯುವವರೆಗೆ ಕಾದರೆ ಕೋಳಿಯ ಕಣ್ಣಿಗೆ ಆಗಲೇ ತೊಂದರೆ ಶುರುವಾಗಿರುತ್ತದೆ. ಬಾಡಿಗೆ ಮನೆಯಾದರೆ ಮಾಲೀಕರನ್ನೂ, ಬಡಾವಣೆಯಾದರೆ ಸಂಘವನ್ನೂ ಪಾಲಿಕೆಯನ್ನೂ ಮೊದಲೇ ಕೇಳಿ. ಮೊಟ್ಟೆ ಮುಟ್ಟದ ನೆರೆಮನೆ ಇದ್ದರೆ ಗೂಡು ಕಟ್ಟಿದ ಮೇಲೆ ಹೇಳುವುದಲ್ಲ, ಮೊದಲೇ ಹೋಗಿ ಮಾತಾಡಿ.

ಈಗ ತಳಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ವರ್ಷಕ್ಕೆ 130ರಿಂದ 150 ಮೊಟ್ಟೆ, ಸ್ವರ್ಣಧಾರ 180ರ ಆಸುಪಾಸು. ಗಿರಿರಾಜ ತೂಕದ ಹಕ್ಕಿ, ಮಾಂಸಕ್ಕೆ ಚೆನ್ನ. ಮೊಟ್ಟೆಗೆ ಅಂತಲೇ ಆದರೆ ನಮ್ಮ ಮತ ಸ್ವರ್ಣಧಾರಕ್ಕೆ, ಮೈ ಹಗುರ, ತಪ್ಪಿಸಿಕೊಳ್ಳುವುದರಲ್ಲೂ ಚುರುಕು. ನಾಟಿ ಕೋಳಿ ವರ್ಷಕ್ಕೆ ಐವತ್ತು ಅರವತ್ತು ಇಟ್ಟರೆ ಹೆಚ್ಚು, ನಡುನಡುವೆ ಕಾವಿಗೆ ಕೂರುತ್ತದೆ.

ಒಂದು ದಿನದ ಮರಿ ತರಬೇಡಿ. ಮೊದಲ ವಾರ ಬಲ್ಬಿನ ಕಾವು 35 ಡಿಗ್ರಿ ಹಿಡಿಯಬೇಕು, ಸುಮಾರು ಅರ್ಧ ಹುಂಜ ಆಗುತ್ತವೆ. ಲಸಿಕೆ ಇನ್ನೂ ಕಷ್ಟ. ಕೊಕ್ಕರೆ ರೋಗಕ್ಕೆ (ರಾಣಿಖೇತ್) ಮರಿಯಲ್ಲಿ ಲಸೋಟಾ ಅನ್ನುವ ಲಸಿಕೆಯ ಹನಿ, ಎಂಟು ವಾರದ ನಂತರ ಆರ್‌ಟುಬಿ ಅನ್ನುವ ಲಸಿಕೆಯ ಚುಚ್ಚುಮದ್ದು ಬೇಕು. ಆದರೆ ಲಸಿಕೆಯ ಸೀಸೆ ಬರುವುದು ಸಾಮಾನ್ಯವಾಗಿ 100 ಕೋಳಿಯ ಲೆಕ್ಕದಲ್ಲಿ ಅಥವಾ ಅದಕ್ಕೂ ಹೆಚ್ಚು. ಮಂಜುಗಡ್ಡೆಯಲ್ಲಿಟ್ಟೇ ತರಬೇಕು, ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ನಾಲ್ಕು ಕೋಳಿಗೆ ಇದು ಆಗುವ ಮಾತಲ್ಲ. ಈ ಎರಡೂ ಲಸಿಕೆ ಆಗಿರುವ, ಮೂರು ನಾಲ್ಕು ತಿಂಗಳ ಹೇಂಟೆಗಳನ್ನೇ ಕೇಳಿ ತನ್ನಿ. ಐದಾರು ತಿಂಗಳ ವಯಸ್ಸಿಗೆ ಮೊಟ್ಟೆ ಶುರು.

ಖರ್ಚು ಹೀಗೆ: ಕೋಳಿಗೆ ದಿನಕ್ಕೆ 110 ಗ್ರಾಂ ಲೇಯರ್ ಫೀಡ್ (ಮೊಟ್ಟೆ ಕೋಳಿಯ ಆಹಾರ), ನಾಲ್ಕಕ್ಕೆ 440 ಗ್ರಾಂ, ತಿಂಗಳಿಗೆ 13 ಕೆಜಿ. ಸ್ವರ್ಣಧಾರ ನಾಲ್ಕಿದ್ದರೆ ಸರಾಸರಿ ತಿಂಗಳಿಗೆ 60 ಮೊಟ್ಟೆ. ಅಂದರೆ ಒಂದು ಮೊಟ್ಟೆಗೆ ಸುಮಾರು 220 ಗ್ರಾಂ ಫೀಡ್. ನಿಮ್ಮೂರಿನ ಫೀಡ್ ದರಕ್ಕೆ ಗುಣಿಸಿ ನೋಡಿ, ಗೂಡಿನ ಖರ್ಚು ಬೇರೆ. ಸೊಪ್ಪು, ತರಕಾರಿ ಸಿಪ್ಪೆ, ಉಪ್ಪಿಲ್ಲದ ಅನ್ನ ಹಾಕಿದರೆ ಫೀಡ್ ಒಂದಿಷ್ಟು ಉಳಿಯುತ್ತದೆ. ಸಾರು ಕಲಸಿದ ಅನ್ನ, ಉಪ್ಪಿನಕಾಯಿ, ಬೂಸಲು ಬಂದದ್ದು ಬೇಡ. 50 ಕೆಜಿ ಮೂಟೆ ಅಗ್ಗ ಅಂತ ತರಬೇಡಿ. ಅದು ಖರ್ಚಾಗಲು ಮೂರೂವರೆ ತಿಂಗಳಿಗೂ ಹೆಚ್ಚು ಬೇಕು, ಮಳೆಗಾಲದಲ್ಲಿ ಅಷ್ಟರಲ್ಲಿ ಬೂಸಲು ಹಿಡಿದು ಅದರ ವಿಷ ಕೋಳಿಯ ಪಿತ್ತಜನಕಾಂಗವನ್ನೇ ಕೆಡಿಸುತ್ತದೆ.

ಸೊಪ್ಪಿನ ಮಡಿ ಇದ್ದರೆ ಅದಕ್ಕೆ ಬೇಲಿ ಹಾಕಿ, ಅರ್ಧ ಗಂಟೆಯಲ್ಲಿ ಕೊತ್ತಂಬರಿಯೆಲ್ಲ ಕೆದರಿ ಹಾಕುತ್ತವೆ. ಹಸಿ ಹಿಕ್ಕೆಯನ್ನು ಗಿಡದ ಬುಡಕ್ಕೆ ನೇರ ಹಾಕಿದರೆ ಬೇರು ಸುಡುತ್ತದೆ. ತರಗೆಲೆಯ ಜೊತೆ ಎರಡು ಮೂರು ತಿಂಗಳು ಕೊಳೆಸಿ.

ಹಕ್ಕಿ ಜ್ವರದ ವಿಷಯವೂ ಗೊತ್ತಿರಲಿ. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ, ಬಳ್ಳಾರಿ ಜಿಲ್ಲೆಗಳಲ್ಲಿ ಬಂದಿತ್ತು. ರೋಗ ಕಂಡ ಜಾಗದಿಂದ ಒಂದು ಕಿಲೋಮೀಟರ್ ಒಳಗಿನ ಕೋಳಿಗಳನ್ನೆಲ್ಲ ಕೊಲ್ಲುವುದು ನಿಯಮ, ಮನೆಯ ನಾಲ್ಕು ಕೋಳಿಯೂ ಅದರಲ್ಲಿ ಸೇರುತ್ತವೆ.

ಕೊನೆಗೆ, ಎರಡು ವರ್ಷದ ಮೇಲೆ ಮೊಟ್ಟೆ ಇಳಿಯುತ್ತಾ ಹೋಗುತ್ತದೆ, ಕೋಳಿ ಮಾತ್ರ ಆರೇಳು ವರ್ಷ ಬದುಕಬಲ್ಲದು. ಆಗ ಸಾರು ಮಾಡುತ್ತೀರೋ, ಬೇರೆಯವರಿಗೆ ಕೊಡುತ್ತೀರೋ, ಕಾಳು ಹಾಕಿ ಕೊನೆಯವರೆಗೂ ಸಾಕುತ್ತೀರೋ ಅಂತ ತರುವ ಮೊದಲೇ ಮನೆಮಂದಿ ಕೂತು ಮಾತಾಡಿ. ಹೆಸರಿಟ್ಟು ಕರೆಯುವ ಮಕ್ಕಳಿದ್ದರೆ ಅವರನ್ನೂ ಕೂರಿಸಿಕೊಳ್ಳಿ.