ಎಣ್ಣೆಯ ಕೊಂಬಿನಿಂದ ಕುಮ್ರಾನಿನ ಊಟದ ಪಂಕ್ತಿವರೆಗೆ: ಯೆರೂಸಲೇಮಿನಲ್ಲಿ ಮೆಸ್ಸೀಯನ ಮೂಲ

ಊರಿನಿಂದ ಯೆರೂಸಲೇಮಿಗೆ ಬರುವ ನಮ್ಮವರು ಸಾಮಾನ್ಯವಾಗಿ ಚರ್ಚುಗಳನ್ನೂ ಪಶ್ಚಿಮ ಗೋಡೆಯನ್ನೂ ನೋಡಿ ಮರಳುತ್ತಾರೆ. ಮಂಗಳೂರು, ಉಡುಪಿ ಕಡೆಯಿಂದ ಬಂದು ಇಲ್ಲಿನ ಮನೆಗಳಲ್ಲಿ ವೃದ್ಧರ ಆರೈಕೆ ಮಾಡುತ್ತಿರುವ ಅನೇಕರಿಗೂ ರಜಾದಿನದ ದಾರಿ ಅದೇ. ಆದರೆ ಮೆಸ್ಸೀಯ (ಹೀಬ್ರೂವಿನಲ್ಲಿ ‘ಅಭಿಷಿಕ್ತ’, ಅಂದರೆ ತಲೆಗೆ ಎಣ್ಣೆ ಹೊಯ್ದು ಪದವಿಗೆ ಏರಿಸಿದವನು) ಎಂಬ ಕಲ್ಪನೆ ಯೆಹೂದ್ಯರಲ್ಲಿ ಹೇಗೆ ಮೂಡಿತೆಂದು ತಿಳಿಯಬೇಕಿದ್ದರೆ ಗೀಹೋನ್ ಬುಗ್ಗೆ, ಕುಮ್ರಾನ್ ಮತ್ತು ಇಸ್ರೇಲ್ ಮ್ಯೂಸಿಯಂ ನೋಡಬೇಕು. ಅದೂ ಇದೇ ಕ್ರಮದಲ್ಲಿ.

ಗೀಹೋನ್ ಇರುವುದು ಹಳೇ ಪಟ್ಟಣದ ಗೋಡೆಯ ಹೊರಗೆ, ದಕ್ಷಿಣದ ಇಳಿಜಾರಿನಲ್ಲಿರುವ ದಾವೀದನ ಪಟ್ಟಣದಲ್ಲಿ. ಮುದಿ ರಾಜ ದಾವೀದ ಇನ್ನೂ ಬದುಕಿದ್ದಾಗಲೇ ಮಗ ಅದೋನೀಯ ಕಣಿವೆಯ ಕೆಳಗೆ ಏನ್ ರೋಗೆಲ್ ಬಳಿ ಔತಣವಿಟ್ಟು, ತಾನೇ ರಾಜನೆಂದು ಮೆರೆಯುತ್ತಿದ್ದ. ಸುದ್ದಿ ತಿಳಿದ ದಾವೀದ ಸೊಲೊಮೋನನನ್ನು ತನ್ನ ಸ್ವಂತ ಹೇಸರಗತ್ತೆಯ ಮೇಲೆ ಕೂರಿಸಿ ಗೀಹೋನಿಗೆ ಕಳಿಸಿದ. ಯಾಜಕ ಚಾದೋಕ ಗುಡಾರದಿಂದ ತಂದ ಕೊಂಬಿನ ಎಣ್ಣೆಯಿಂದ ಅವನಿಗೆ ಅಭಿಷೇಕ ಮಾಡಿದ, ಕಹಳೆ ಊದಿದರು, ಅದೋನೀಯನ ಅತಿಥಿಗಳು ಎದ್ದು ಓಡಿದರು. ಅರಸುಗಳ ಮೊದಲ ಪುಸ್ತಕದ ಮೊದಲ ಅಧ್ಯಾಯದಲ್ಲಿ ಇದೆಲ್ಲ ಇದೆ. ಆ ಕಾಲದಲ್ಲಿ ‘ಕರ್ತನ ಅಭಿಷಿಕ್ತ’ನೆಂದರೆ ಹೀಗೆ ಎಣ್ಣೆ ಹಾಕಿಸಿಕೊಂಡು ಪಟ್ಟಕ್ಕೆ ಬಂದ, ಕಣ್ಣೆದುರು ಆಳುತ್ತಿರುವ ರಾಜ. ತನ್ನನ್ನು ಕೊಲ್ಲಲು ಬೆನ್ನಟ್ಟಿದ್ದ ರಾಜ ಸೌಲನ ಮೇಲೆ ದಾವೀದ ಕೈಯೆತ್ತದೆ ಬಿಟ್ಟದ್ದೂ ಅವನು ಅಭಿಷಿಕ್ತನೆಂಬ ಕಾರಣಕ್ಕೇ.

ಅಭಿಷೇಕ ರಾಜನಿಗಷ್ಟೇ ಅಲ್ಲ, ಮಹಾಯಾಜಕನಿಗೂ ಇತ್ತು. ಅದಕ್ಕೆ ಬೇಕಾದ ಎಣ್ಣೆಯ ಅಳತೆ ವಿಮೋಚನಕಾಂಡದ 30ನೇ ಅಧ್ಯಾಯದಲ್ಲಿದೆ: ರಕ್ತಬೋಳ 500 ಶೆಕೆಲ್, ದಾಲ್ಚಿನ್ನಿ 250, ಸುವಾಸನೆಯ ದಂಟು 250, ಕ್ಯಾಸಿಯಾ ಚಕ್ಕೆ 500, ಜೊತೆಗೆ ಒಂದು ಹಿನ್ ಆಲಿವ್ ಎಣ್ಣೆ. ಯೆರೂಸಲೇಮಿನ ಉತ್ಖನನಗಳಲ್ಲಿ ಸಿಕ್ಕ ತೂಕದ ಕಲ್ಲುಗಳ ಪ್ರಕಾರ ಶೆಕೆಲ್ ಸುಮಾರು 11.4 ಗ್ರಾಂ. ಅಂದರೆ ಸುಮಾರು 17 ಕಿಲೋ ಮಸಾಲೆಗೆ 4ರಿಂದ 6 ಲೀಟರ್ ಎಣ್ಣೆ! ಒಣಗಿದ ತೊಗಟೆ, ದಂಟುಗಳೇ ಅಷ್ಟನ್ನೂ ಹೀರಿಬಿಡುತ್ತವೆ. ಈ ತೊಡಕು ಯೆಹೂದ್ಯರ ಧರ್ಮಚರ್ಚೆಗಳ ಸಂಗ್ರಹವಾದ ತಾಲ್ಮುದಿನ ಗುರುಗಳಿಗೂ ಹೊಳೆದಿತ್ತು. ಬೇರುಗಳನ್ನು ಎಣ್ಣೆಯಲ್ಲೇ ಕುದಿಸಿದರು ಎಂದು ರಬ್ಬಿ ಯೆಹೂದ ಹೇಳಿದರೆ, ಬೇರಿಗೆ ಸವರುವುದಕ್ಕೂ ಅದು ಸಾಲದು ಎಂದು ರಬ್ಬಿ ಯೋಸೆ ಒಪ್ಪಲಿಲ್ಲ. ಮೊದಲು ನೀರಿನಲ್ಲಿ ನೆನೆಸಿ, ಮೇಲೆ ಎಣ್ಣೆ ಹೊಯ್ದು, ಪರಿಮಳ ಹಿಡಿದ ಮೇಲೆ ತೇಲುವ ಎಣ್ಣೆಯನ್ನು ತೆಗೆದುಕೊಂಡರು ಎಂಬುದು ಅವರ ವಾದ. ಕೈಕೆಲಸ ಬಲ್ಲವರಿಗೆ ಯೋಸೆಯ ಮಾತೇ ಸರಿ ಎನಿಸುತ್ತದೆ. ಸ್ವಂತ ಬಳಕೆಗೆ ಇದೇ ಎಣ್ಣೆ ತಯಾರಿಸಿದವನು ಜನರೊಳಗಿಂದ ತೆಗೆದುಹಾಕಲ್ಪಡಬೇಕು ಎಂಬ ಕಟ್ಟಳೆಯೂ ಅದೇ ಅಧ್ಯಾಯದಲ್ಲಿದೆ.

ಯೆಶಾಯನ 45ನೇ ಅಧ್ಯಾಯದಲ್ಲಿ ಪರ್ಷಿಯಾದ ದೊರೆ ಕೋರೆಷನನ್ನೂ ಅಭಿಷಿಕ್ತ ಎಂದು ಕರೆಯಲಾಗಿದೆ. ಯೆಹೂದ್ಯನಲ್ಲದವನಿಗೆ ಹೀಬ್ರೂ ಬೈಬಲ್ ಈ ಪದವಿ ಕೊಟ್ಟದ್ದು ಅಲ್ಲಿ ಮಾತ್ರ. ಆದ್ದರಿಂದ ಹಳೇ ಒಡಂಬಡಿಕೆಯಲ್ಲಿ ‘ಅಭಿಷಿಕ್ತ’ ಎಂದು ಕಂಡಲ್ಲೆಲ್ಲ ಮುಂದೆ ಬರಲಿರುವ ರಕ್ಷಕ ಎಂದು ಓದಿಕೊಂಡರೆ ದಾರಿ ತಪ್ಪುತ್ತದೆ. ಎಣ್ಣೆ ಬಿದ್ದದ್ದು ಯಾರ ತಲೆಗೆ, ಆಗ ಆಳುತ್ತಿದ್ದವರು ಯಾರು ಎಂದು ಪ್ರತಿ ಸಲ ನೋಡಬೇಕು. ಹೀಗೆ ಓದಿದರೆ ನಂಬಿಕೆಗೆ ಕುಂದೇನೂ ಬರುವುದಿಲ್ಲ. ಆ ನಂಬಿಕೆ ಯಾವ ನೋವಿನಿಂದ ಮೇಲೆದ್ದಿತು ಎಂಬುದು ತಿಳಿಯುತ್ತದೆ.

ನೋವು ಶುರುವಾದದ್ದು ಕ್ರಿ.ಪೂ. 586ರಲ್ಲಿ. ನಿನ್ನ ಸಿಂಹಾಸನ ಸದಾ ಸ್ಥಿರ ಎಂದು ದಾವೀದನಿಗೆ ದೇವರು ಕೊಟ್ಟ ಮಾತು ಸಮುವೇಲನ ಎರಡನೇ ಪುಸ್ತಕದ 7ನೇ ಅಧ್ಯಾಯದಲ್ಲಿದೆ. ಬಾಬೆಲಿನವರು ಯೆರೂಸಲೇಮನ್ನು ಸುಟ್ಟಾಗ ಆ ಸಿಂಹಾಸನವೇ ಹೋಯಿತು. ಕೊಟ್ಟ ಮಾತು ಏನಾಯಿತು ಎಂದು 89ನೇ ಕೀರ್ತನೆ ದೇವರನ್ನೇ ಕೇಳುತ್ತದೆ. ಈ ಕಲ್ಪನೆಯ ಬೇರನ್ನು ನಾವು ಕಾಣುವುದು ಆ ಪ್ರಶ್ನೆಯಲ್ಲಿ. ಮಾತು ಸುಳ್ಳಾಗಬಾರದು, ರಾಜನಂತೂ ಇಲ್ಲ. ಹಾಗಾದರೆ ರಾಜ ಇನ್ನು ಬರಬೇಕು.

ಕ್ರಿ.ಪೂ. 520ರ ಸುಮಾರಿಗೆ ಪ್ರವಾದಿ ಜೆಕರ್ಯನು ದಾವೀದ ವಂಶದ ಜೆರುಬ್ಬಾಬೆಲ ಮತ್ತು ಮಹಾಯಾಜಕ ಯೆಹೋಶುವ ಇಬ್ಬರಲ್ಲೂ ಭರವಸೆ ಇಟ್ಟ. ಅವನ ದರ್ಶನದಲ್ಲಿ ದೀಪಸ್ತಂಭದ ಎರಡೂ ಪಕ್ಕ ಆಲಿವ್ ಮರಗಳಿವೆ, ಇಬ್ಬರು ಅಭಿಷಿಕ್ತರಿದ್ದಾರೆ. ಜೆರುಬ್ಬಾಬೆಲ ರಾಜನಾಗಲೇ ಇಲ್ಲ. ಮುಂದೆ ಗ್ರೀಕರ ವಿರುದ್ಧ ಗೆದ್ದ ಹಸ್ಮೋನಿಯನ್ ಮನೆತನ ಮಹಾಯಾಜಕ ಪದವಿಯ ಜೊತೆಗೆ, ಕ್ರಿ.ಪೂ. 104ರ ಹೊತ್ತಿಗೆ, ರಾಜ ಎಂಬ ಬಿರುದನ್ನೂ ಇಟ್ಟುಕೊಂಡಿತು. ಅವರು ದಾವೀದನ ವಂಶದವರಲ್ಲ.

ಇಷ್ಟು ತಿಳಿದು ಕುಮ್ರಾನಿಗೆ ಹೋದರೆ ಅಲ್ಲಿನ ಸುರುಳಿಗಳು ಮಾತಾಡುತ್ತವೆ. ಮೃತ ಸಮುದ್ರದ ದಡದ ಈ ನೆಲೆಯ ಸುತ್ತ 1947ರಿಂದ 11 ಗುಹೆಗಳಲ್ಲಿ ಹಸ್ತಪ್ರತಿಗಳು ಸಿಕ್ಕಿವೆ. ‘ಸಮುದಾಯದ ನಿಯಮ’ ಎಂಬ ಸುರುಳಿಯ 9ನೇ ಅಂಕಣದಲ್ಲಿ ಒಬ್ಬ ಪ್ರವಾದಿಗಾಗಿ, ‘ಆರೋನನ ಮತ್ತು ಇಸ್ರೇಲಿನ’ ಅಭಿಷಿಕ್ತರಿಗಾಗಿ ಆ ಪಂಗಡದವರು ಕಾಯುತ್ತಾರೆ. ಆರೋನನ ವಂಶದ ಯಾಜಕನೇ ಬೇರೆ, ರಾಜನೇ ಬೇರೆ. ಅದರ ಜೊತೆಗಿದ್ದ ಇನ್ನೊಂದು ಬರಹದಲ್ಲಿ ಕೊನೆಗಾಲದ ಊಟದ ಕ್ರಮವೂ ಇದೆ: ರೊಟ್ಟಿಗೂ ಹೊಸ ದ್ರಾಕ್ಷಾರಸಕ್ಕೂ ಮೊದಲು ಕೈಚಾಚಿ ಹರಸುವವನು ಯಾಜಕ, ಅನಂತರ ಇಸ್ರೇಲಿನ ಮೆಸ್ಸೀಯ, ಆಮೇಲೆ ಉಳಿದವರು. ಕನಿಷ್ಠ 10 ಜನ ಸೇರಿದ ಪ್ರತಿ ಊಟಕ್ಕೂ ಇದೇ ನಿಯಮ. ಮೆಸ್ಸೀಯನಿಗೆ ಎರಡನೇ ಸ್ಥಾನ! ಎರಡು ಪದವಿಗಳನ್ನೂ ಒಂದೇ ಕೈಯಲ್ಲಿಟ್ಟುಕೊಂಡ ದೊರೆಗಳ ಕಾಲದಲ್ಲಿ ಹೀಗೆ ಬರೆಯುವುದಕ್ಕೆ ಧೈರ್ಯ ಬೇಕಿತ್ತು.

ಕ್ರಿ.ಪೂ. 63ರಲ್ಲಿ ರೋಮಿನ ಪಾಂಪೆ ಯೆರೂಸಲೇಮನ್ನು ಹಿಡಿದ. ಆ ಬಳಿಕದ ಯೆಹೂದ್ಯ ಹಾಡುಗಳ ಸಂಗ್ರಹ ‘ಸೊಲೊಮೋನನ ಕೀರ್ತನೆಗಳ’ 17ನೆಯದರಲ್ಲಿ, ಪರರನ್ನು ಓಡಿಸಿ ನ್ಯಾಯ ನಡೆಸುವ ದಾವೀದಪುತ್ರ, ಅಭಿಷಿಕ್ತ ರಾಜ, ಸ್ಪಷ್ಟವಾಗಿ ಮೂಡುತ್ತಾನೆ. ಇಂದು ನಮಗೆ ಪರಿಚಿತವಾದ ರೂಪ ಬಹುಮಟ್ಟಿಗೆ ಅದೇ. ಆದರೂ ಒಂದೇ ಅಭಿಪ್ರಾಯವೇನೂ ನೆಲೆಗೊಳ್ಳಲಿಲ್ಲ. ಕ್ರಿ.ಶ. 70ರಲ್ಲಿ ದೇವಾಲಯ ನಾಶವಾದ ಬಳಿಕ ಬರೆದ ಯೆಹೂದ್ಯ ಗ್ರಂಥ ‘ನಾಲ್ಕನೇ ಎಜ್ರ’ದಲ್ಲಿ ಮೆಸ್ಸೀಯ 400 ವರ್ಷ ಇದ್ದು ತೀರಿಕೊಳ್ಳುತ್ತಾನೆ.

ಇಸ್ರೇಲ್ ಮ್ಯೂಸಿಯಮ್ಮಿನ ಟಿಕೆಟ್‌ನಲ್ಲೇ ಸುರುಳಿಗಳ ಬಿಳಿ ಗುಮ್ಮಟವೂ ಸೇರುತ್ತದೆ. ನಡುವೆ ದುಂಡಗೆ ಹರಡಿಟ್ಟ 7.34 ಮೀಟರಿನ ಯೆಶಾಯನ ಸುರುಳಿ ಸಾಮಾನ್ಯವಾಗಿ ನಕಲು. ಚರ್ಮ ಬೆಳಕಿಗೆ ಕೆಡುವುದರಿಂದ ಮೂಲ ಹಾಳೆಗಳನ್ನು ಹೆಚ್ಚು ಕಾಲ ಹೊರಗಿಡುವುದಿಲ್ಲ. ಮೂಲವನ್ನೇ ಓದಬೇಕೆನ್ನುವವರು ಮ್ಯೂಸಿಯಮ್ಮಿನ ಜಾಲತಾಣದ ಚಿತ್ರಗಳನ್ನು ಊರಿನಲ್ಲೇ ಕುಳಿತು ನೋಡಬಹುದು. ಊಟದ ನಿಯಮದ ಬರಹ ಮಾತ್ರ ಇಲ್ಲಿಲ್ಲ, ಜೋರ್ಡಾನಿನ ಅಮ್ಮಾನಿನಲ್ಲಿದೆ.

ಪುರಾತತ್ವ ವಿಭಾಗಕ್ಕೆ ಹೋದಾಗ, ಯೆಹೂದ್ಯರು ರೋಮಿನ ವಿರುದ್ಧ ಎದ್ದ ಬಾರ್ ಕೋಖ್ಬನ ದಂಗೆಯ (ಕ್ರಿ.ಶ. 132–135) ನಾಣ್ಯಗಳಿವೆಯೇ ಎಂದು ವಿಚಾರಿಸಿ. ರಬ್ಬಿ ಅಕೀವ ಅವನನ್ನು ಮೆಸ್ಸೀಯನೆಂದು ಸಾರಿದಾಗ, ನಿನ್ನ ಕೆನ್ನೆಯಲ್ಲಿ ಹುಲ್ಲು ಬೆಳೆದರೂ ದಾವೀದಪುತ್ರ ಬಂದಿರುವುದಿಲ್ಲ ಎಂದು ಯೋಹಾನಾನ್ ಬೆನ್ ತೋರ್ತ ಉತ್ತರಿಸಿದನೆಂದು ಯೆರೂಸಲೇಮ್ ತಾಲ್ಮುದು ಹೇಳುತ್ತದೆ. ಬಾರ್ ಕೋಖ್ಬನಾದರೋ ನಾಣ್ಯಗಳಲ್ಲಿ ತನ್ನನ್ನು ‘ಇಸ್ರೇಲಿನ ನಾಯಕ ಶಿಮೋನ್’ ಎಂದಷ್ಟೇ ಬರೆಸಿದ. ಅದೇ ದಂಗೆಯ ಬೇರೆ ನಾಣ್ಯಗಳಲ್ಲಿ ‘ಯಾಜಕ ಎಲ್ಲಾಜಾರ’ ಎಂದಿದೆ. ಜೆಕರ್ಯನ ಎರಡು ಆಲಿವ್ ಮರಗಳ ನೆನಪು ಸುಮಾರು 650 ವರ್ಷಗಳ ಬಳಿಕವೂ ಉಳಿದಿತ್ತು ಎನ್ನುವುದಕ್ಕೆ ಇದೇ ಗುರುತು ಎಂದು ನಾವು ಓದುತ್ತೇವೆ.