ಬಣ್ಣ ಹಚ್ಚದೆ ಬಿಟ್ಟ ಜಾಗ

ಫೋಟೋ ತೆಗೆಯುವವರಿಗೆ ಒಂದು ಚಟ: ನೋಡುವುದೆಲ್ಲ ಫೋಟೋಗಳನ್ನೇ. ಬೆಳಿಗ್ಗೆ ಕಣ್ಣುಬಿಟ್ಟರೆ ಫೋನಿನಲ್ಲಿ, ಭಾನುವಾರ ಫೋಟೋ ಕ್ಲಬ್ಬಿನಲ್ಲಿ, ಉಳಿದ ಹೊತ್ತು ಸಲೋನ್ ಎಂಬ ಫೋಟೋ ಸ್ಪರ್ಧೆ-ಪ್ರದರ್ಶನಗಳ ಕ್ಯಾಟಲಾಗುಗಳಲ್ಲಿ. ಹೀಗಾಗಿ ನಾವೆಲ್ಲ ತೆಗೆಯುವ ಮಂಜಿನ ಫೋಟೋಗಳೂ ಒಂದೇ ಥರ ಇರುತ್ತವೆ. ನಡುವೆ ಒಂಟಿ ಮರ, ಅದರ ಕೆಳಗೆ ಕೊಡೆ ಹಿಡಿದ ಒಬ್ಬ ಮನುಷ್ಯ. ಕೊಡೆ ಕೆಂಪಗಿದ್ದರೆ ಬಹುಮಾನ ಖಾತ್ರಿ.

ಆ ಮಳೆಗಾಲದಲ್ಲಿ ನನಗೆ ಮಂಜಿನ ಚಿತ್ರಗಳೆಂದರೆ ಸಾಕುಸಾಕಾಗಿತ್ತು. ಲೆನ್ಸ್ ಸರ್ವಿಸಿಗೆ ಕೊಟ್ಟಿದ್ದೆ, ಸಂಜೆ ಬನ್ನಿ ಅಂದಿದ್ದರು. ಬರಿಗೈಯಲ್ಲಿ ಕಸ್ತೂರಬಾ ರಸ್ತೆಯಲ್ಲಿ ಬರುವಾಗ ಮಳೆ ಹಿಡಿದುಕೊಂಡಿತು. ವೆಂಕಟಪ್ಪ ಆರ್ಟ್ ಗ್ಯಾಲರಿಯೊಳಗೆ ಹೋದದ್ದು ಕಲೆಗಾಗಿ ಅಲ್ಲ, ಸೂರಿಗಾಗಿ.

ಕೆ. ವೆಂಕಟಪ್ಪನವರ (1886–1965) ಹೆಸರು ಗೊತ್ತಿತ್ತು. ಮೈಸೂರು ಅರಮನೆಯ ಚಿತ್ರಗಾರರ ಮನೆತನದವರು, ನಾಲ್ವಡಿಯವರ ನೆರವಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಟಾಗೋರರ ಬಳಿ ಕಲಿತವರು, ವೀಣೆ ಶೇಷಣ್ಣನವರಿಂದ ವೀಣೆ ಕಲಿತವರು. ಪುರಾಣದ ಚಿತ್ರಗಳನ್ನೂ ಪ್ಲಾಸ್ಟರಿನ ಉಬ್ಬುಶಿಲ್ಪಗಳನ್ನೂ ದಾಟಿಕೊಂಡು ನಡೆದೆ. ಊಟಿಯ ಜಲವರ್ಣಗಳ ಮುಂದೆ ಬಂದಾಗ ಮಾತ್ರ ಕಾಲು ಮುಂದೆ ಹೋಗಲಿಲ್ಲ.

ದೊಡ್ಡ ಚಿತ್ರಗಳೇನಲ್ಲ. ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಬೇಕು. ಬೆಟ್ಟದ ಮೇಲೆ ಮೋಡ ಇಳಿದಿದೆ. ಅಲ್ಲಿ ಬಿಳಿ ಬಣ್ಣ ಹುಡುಕಿದರೆ ಸಿಗುವುದಿಲ್ಲ. ಪಾರದರ್ಶಕ ಜಲವರ್ಣದಲ್ಲಿ ಬಿಳುಪು ಅಂದರೆ ಕಾಗದವೇ. ಅಂದರೆ ಕುಂಚ ಅದ್ದುವ ಮೊದಲೇ ಆ ಮನುಷ್ಯ ತೀರ್ಮಾನಿಸಿರಬೇಕು, ಇಲ್ಲಿ ನಾನು ಕೈಯಿಡುವುದಿಲ್ಲ ಎಂದು. ಒಮ್ಮೆ ಕೈಯಿಟ್ಟರೆ ಆ ಬೆಳಕನ್ನು ಪೂರ್ತಿ ಮರಳಿ ಪಡೆಯುವುದು ಕಷ್ಟ.

ಕ್ಯಾಮೆರಾದಲ್ಲಿ ಬೆಳಕು ಅಳೆಯುವ ಮೀಟರ್ ನೆನಪಾಗಿ ನಗು ಬಂತು. ಅದಕ್ಕೆ ಮಂಜೂ ಗೊತ್ತಿಲ್ಲ, ಇದ್ದಿಲೂ ಗೊತ್ತಿಲ್ಲ. ಎದುರು ಏನಿದ್ದರೂ ನಡುಬೂದಿಗೆ, ಅಂದರೆ ಹೆಚ್ಚುಕಡಿಮೆ ಶೇ. 18ರ ಬೂದು ಬಣ್ಣಕ್ಕೆ, ತಂದು ನಿಲ್ಲಿಸುತ್ತದೆ. ಬೆಳ್ಳಗಿನ ಮಂಜು ತೋರಿಸಿದರೆ ಬೆಳಕು ಜಾಸ್ತಿಯಾಯಿತೆಂದು ತಗ್ಗಿಸಿ, ಒಲೆಯ ಬೂದಿಯಂಥ ಚಿತ್ರ ಕೊಡುತ್ತದೆ. ಒಂದು ಸ್ಟಾಪ್ ಏರಿಸಿ, ಅಂದರೆ ಬೆಳಕನ್ನು ಇಮ್ಮಡಿ ಮಾಡಿ ಎಂದು ಎಲ್ಲ ಕಾರ್ಯಾಗಾರಗಳಲ್ಲೂ ಹೇಳುತ್ತಾರೆ, ನಾನೂ ಹೇಳಿಕೊಟ್ಟಿದ್ದೇನೆ. ಎಷ್ಟು ಏರಿಸಬೇಕು ಎಂಬುದು ಲೆಕ್ಕ. ಯಾವುದನ್ನು ಬಿಳುಪಾಗಿ ಬಿಡಬೇಕು, ಯಾವ ಮೂಲೆಯಲ್ಲಿ ಕಪ್ಪು ನಿಲ್ಲಬೇಕು ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ಚಿತ್ರದಲ್ಲಿ ಕಪ್ಪೆಷ್ಟು, ಬಿಳುಪೆಷ್ಟು ಎಂದು ತೋರಿಸುವ ಹಿಸ್ಟೋಗ್ರಾಂ ಉತ್ತರ ಕೊಡುವುದಿಲ್ಲ.

ಸರ್ವಿಸ್ ಸೆಂಟರಿನ ರಸೀದಿಯ ಹಿಂಬದಿಯಲ್ಲಿ ಪೆನ್ನಿನಿಂದ ಪುಟ್ಟ ಚೌಕಗಳನ್ನು ಎಳೆದು ಗೀಚತೊಡಗಿದೆ. ಮರ, ಬೆಟ್ಟ ಯಾವುದನ್ನೂ ಬಿಡಿಸದೆ, ಕಪ್ಪು ಎಲ್ಲಿ, ನಡುಬಣ್ಣ ಎಲ್ಲಿ, ಖಾಲಿ ಎಲ್ಲಿ ಎಂದಷ್ಟೇ ಗುರುತಿಸಿದೆ. ಚಿತ್ರ ಬರೆಯಲು ಬಾರದವರೂ ಇದನ್ನು ಮಾಡಬಹುದು. ಗೀಚಿದ ಮೇಲೆಯೇ ಕಂಡದ್ದು: ಗಾಢ ಬಣ್ಣ ಇರುವುದು ಬಲು ಕಡಿಮೆ, ಅದೂ ಕಣ್ಣಿಗೆ ಹತ್ತಿರದ ಭಾಗದಲ್ಲಿ. ಹತ್ತಿರದ ಅಂಚುಗಳು ಚೂಪು. ದೂರ ಹೋದಂತೆ ಅಂಚು ಕರಗಿ, ಕೊನೆಯ ಬೆಟ್ಟ ಇದೆಯೋ ಇಲ್ಲವೋ ಎನ್ನುವ ಹಾಗೆ. ನಾವಾದರೋ ಮನೆಗೆ ಬಂದ ಕೂಡಲೇ ಫೋಟೋ ತಿದ್ದುವ ತಂತ್ರಾಂಶವಾದ ಲೈಟ್‌ರೂಮಿನಲ್ಲಿ ಮಂಜು ತೆಳುವಾಗಿಸುವ ಡೀಹೇಜ್ ಸ್ಲೈಡರನ್ನು ಬಲಕ್ಕೆ ಎಳೆಯುತ್ತೇವೆ. ಮಂಜು ನೋಡಲೆಂದು ನೂರಾರು ಕಿಲೋಮೀಟರ್ ಹೋಗಿ, ಬಂದು ಅದನ್ನೇ ಒರೆಸಿ ತೆಗೆಯುವ ಜನ ನಾವು!

ಚಿತ್ರಕಲೆಯಿಂದ ಫೋಟೋಗ್ರಾಫರ್ ಕಲಿಯುವುದು ಹೊಸ ಸಂಗತಿಯಲ್ಲ. ಹೆನ್ರಿ ಕಾರ್ತಿಯೇ ಬ್ರೆಸೋಂ ಕ್ಯಾಮೆರಾ ಹಿಡಿದು ಹೆಸರಾಗುವ ಮೊದಲು ಪ್ಯಾರಿಸ್ಸಿನಲ್ಲಿ ಆಂದ್ರೆ ಲೋತ್ ಎಂಬ ಕಲಾವಿದರ ಶಾಲೆಯಲ್ಲಿ ಚಿತ್ರ ಕಲಿತಿದ್ದರು. ವಯಸ್ಸಾದ ಮೇಲೆ ಫೋಟೋವನ್ನು ಬಹುಮಟ್ಟಿಗೆ ಬಿಟ್ಟು ರೇಖಾಚಿತ್ರಕ್ಕೇ ಮರಳಿದರು. ಚೀನಾದ ಲಾಂಗ್ ಚಿನ್‌ಸಾನ್ ಇನ್ನೊಂದು ದಾರಿ ಹಿಡಿದರು. ಹಲವು ನೆಗೆಟಿವ್‌ಗಳನ್ನು ಡಾರ್ಕ್‌ರೂಮಿನಲ್ಲಿ ಕೂಡಿಸಿ, ತಮ್ಮ ನಾಡಿನ ಹಳೆಯ ಬೆಟ್ಟ-ನೀರಿನ ಚಿತ್ರಗಳಂತೆ ಕಾಣುವ ಫೋಟೋ ಮಾಡಿದರು. ಆ ಕೈಚಳಕಕ್ಕೆ ಕೈಮುಗಿಯುತ್ತೇನೆ. ಆದರೆ ನನ್ನ ಮನಸ್ಸು ಅತ್ತ ಓಡುವುದಿಲ್ಲ. ಫೋಟೋ ನೋಡಿದವರು "ಥೇಟ್ ಪೇಂಟಿಂಗ್ ಥರ ಇದೆ" ಅಂದರೆ ನನಗೆ ಒಳಗೊಳಗೇ ಕಿರಿಕಿರಿ. ಚಿತ್ರಗಾರನಿಂದ ನನಗೆ ಬೇಕಾದದ್ದು ಆತ ತೀರ್ಮಾನ ಮಾಡಿದ ಬಗೆ, ಚಿತ್ರದ ಮೈಬಣ್ಣವಲ್ಲ.

ಮಳೆ ಕಡಿಮೆಯಾದ ಮೇಲೆ ಸಕಲೇಶಪುರದ ಕಡೆ ಹೋದೆ. ಊಟಿಗೇ ಹೋಗಬಹುದಿತ್ತು, ಆದರೆ ವೆಂಕಟಪ್ಪನವರು ನಿಂತ ಜಾಗ ಹುಡುಕುವ ಚಪಲ ಹತ್ತುತ್ತದೆಂದು ಬೇಕೆಂದೇ ಬಿಟ್ಟೆ. ತೋಟದ ಅಂಚಿನಲ್ಲಿ ಸಿಲ್ವರ್ ಓಕ್ ಮರಗಳು, ಕಾಳುಮೆಣಸಿನ ಬಳ್ಳಿ ಹಬ್ಬಿದ ಕಾಂಡಗಳು, ಆಚೆ ಕಣಿವೆ ತುಂಬ ಮಂಜು. ಟ್ರೈಪಾಡ್ ಊರಿ, ಕ್ಲಿಕ್ ಮಾಡುವ ಮೊದಲು ನೋಟ್‌ಬುಕ್ಕಿನಲ್ಲಿ ಮತ್ತೆ ಅದೇ ಚೌಕ, ಅದೇ ಗೀಚು. ಮಂಜು ಕಾಯುವುದಿಲ್ಲ, ಗೀಚುವಷ್ಟರಲ್ಲಿ ಬೆಟ್ಟ ಮಾಯವಾಗಿ ಬೇರೆ ಬೆಟ್ಟ ಬಂದಿರುತ್ತಿತ್ತು. ಪರವಾಗಿಲ್ಲ ಅನ್ನಿಸಿತು. ಎಡಗಡೆ ಒಂದೇ ಒಂದು ಕಾಂಡಕ್ಕೆ ಕಪ್ಪು ಉಳಿಸಿಕೊಂಡು, ಉಳಿದದ್ದನ್ನೆಲ್ಲ ಬಿಳುಪಿಗೆ ಬಿಟ್ಟು ಎಕ್ಸ್‌ಪೋಶರ್ ಏರಿಸಿದೆ. ಬೆಟ್ಟದ ನೆತ್ತಿ ಒಂದು ಗೆರೆಯಷ್ಟೇ ಉಳಿಯಿತು.

ಹತ್ತಿಯ ಮ್ಯಾಟ್ ಕಾಗದದ ಮೇಲೆ ಪ್ರಿಂಟ್ ಹಾಕಿಸಿದೆ. ಮಷೀನಿನಿಂದ ಹೊರಬಂದ ಹಾಳೆಯನ್ನು ಲ್ಯಾಬಿನ ಹುಡುಗ ಬೆಳಕಿಗೆ ಹಿಡಿದು ನೋಡಿ, "ಸಾರ್, ಇಲ್ಲಿ ಇಂಕೇ ಬಿದ್ದಿಲ್ಲ, ಇನ್ನೊಂದು ತೆಗೀಲಾ?" ಅಂದ. ಇಂಕ್‌ಜೆಟ್ಟಿನಲ್ಲೂ ಅಪ್ಪಟ ಬಿಳುಪು ಅಂದರೆ ಮಸಿ ಬೀಳದ ಕಾಗದವೇ ಅಲ್ಲವೇ! ಬೇಡಪ್ಪ, ಅದೇ ಇರಲಿ ಅಂದೆ. ಕ್ಲಬ್ಬಿನಲ್ಲಿ ಮಾತ್ರ ತೀರ್ಪುಗಾರರು ಹೈಲೈಟ್ ಸುಟ್ಟುಹೋಗಿದೆ, ಅಂದರೆ ಬೆಳ್ಳಗಿನ ಭಾಗದಲ್ಲಿ ವಿವರವೇ ಉಳಿದಿಲ್ಲ ಎಂದು ಅಂಕ ಕಳೆದರು. ಅವರ ನಿಯಮದ ಪ್ರಕಾರ ಅವರು ಹೇಳಿದ್ದು ಸರಿ. ಆ ಚಿತ್ರವನ್ನು ಮತ್ತೆ ಸ್ಪರ್ಧೆಗೆ ಕಳಿಸಿಲ್ಲ, ಸ್ಲೈಡರುಗಳನ್ನೂ ಮುಟ್ಟಿಲ್ಲ.

ಈಗ ಕಣ್ಣು ಚಿತ್ರಗಾರ ಕೆ.ಕೆ. ಹೆಬ್ಬಾರರ ರೇಖೆಗಳ ಮೇಲಿದೆ. ಕುಣಿಯುವ ಮೈಯನ್ನು ನಾಲ್ಕಾರು ಗೆರೆಗಳಲ್ಲಿ ಹಿಡಿದವರು ಅವರು. ನಾನು ಯಕ್ಷಗಾನದ ರಂಗಸ್ಥಳದ ಮುಂದೆ ನಿಂತರೆ 1/500 ಸೆಕೆಂಡಿಗೆ ಕುಣಿತವನ್ನು ಕಲ್ಲು ಮಾಡಿ ತರುತ್ತೇನೆ. ಶಟರ್ 1/15ಕ್ಕೆ ಇಳಿಸಿದರೆ ಕೈ, ಕಿರೀಟ ಎಲ್ಲ ಕಲಸಿಹೋಗುತ್ತದೆ. ಎರಡರ ನಡುವೆ ಎಲ್ಲೋ ಆ ಗೆರೆ ಇರಬೇಕು. ಈ ಸಲದ ಮೇಳದ ತಿರುಗಾಟ ಶುರುವಾಗುವುದರೊಳಗೆ ಅವರ ರೇಖೆಗಳನ್ನೂ ಒಂದಿಷ್ಟು ಗೀಚಿ ನೋಡಬೇಕು.